ಅನಿತ್ಯದ ಬೆನ್ನಿಗೆ ಅಶರಣ

ಸೂರತ್ ಪಕ್ಕದ ಸಚಿನ್‌ನಲ್ಲಿ 1791ರಿಂದ ಸಿದ್ದಿ ನವಾಬರ ಆಳ್ವಿಕೆಯಿತ್ತು. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳಂತೆ ಅವರದೂ ಆಫ್ರಿಕಾ ಮೂಲ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ಸೇರಿಹೋಯಿತು. ಈಗ ಆ ಊರೆಂದರೆ ಕಾರ್ಖಾನೆಗಳು. ಇಂಥ ಅಳಿವನ್ನು ಮನಸ್ಸು ಒಪ್ಪಿಬಿಡುತ್ತದೆ. ನೂರೈವತ್ತು ವರ್ಷ ಬಾಳಿತು, ಹೋಯಿತು.

ಮಂಡಿಯ ಸವೆತವೂ ಇದೇ ಜಾತಿಯದು. ಮೊದಲು ಚಕ್ಕಳಮಕ್ಕಳ ಹಾಕಿ ಕೂರುವುದು ತಪ್ಪುತ್ತದೆ, ಆಮೇಲೆ ಗುಡಿಯ ಮೆಟ್ಟಿಲು, ಕೊನೆಗೆ ರಾತ್ರಿಯ ನಿದ್ದೆ. ಅಷ್ಟರಲ್ಲಿ ನಾವೂ ಅದಕ್ಕೆ ಒಗ್ಗಿಕೊಂಡಿರುತ್ತೇವೆ. ಪರಿಹಾರವೂ ಉಂಟು, ಅದಕ್ಕೊಂದು ಬೆಲೆಯೂ ಉಂಟು: 2017ರಲ್ಲಿ ಸರ್ಕಾರ ಕೋಬಾಲ್ಟ್-ಕ್ರೋಮಿಯಂನ ಕೃತಕ ಮಂಡಿಗೆ 54,720 ರೂಪಾಯಿಯ ಮಿತಿ ಹಾಕಿತು.

ಮಂಡಿ, ಸೊಂಟದ ಕೀಲು ಬದಲಿಸಿಕೊಂಡವರಲ್ಲಿ ಬಹುತೇಕರು ನಡೆದುಕೊಂಡು ಮನೆಗೆ ಹೋಗುತ್ತಾರೆ. ತೀರಾ ಅಪರೂಪಕ್ಕೆ ಒಬ್ಬರಿಗೆ ಎಚ್ಚರವಾದಾಗ ಕಣ್ಣು ಮಂಜಾಗಿರುತ್ತದೆ, ಇಲ್ಲವೇ ಪೂರ್ತಿ ಕತ್ತಲೆ. ನೋವು ಇರುವುದಿಲ್ಲ. ರಕ್ತ ಹೋಗಿ, ಒತ್ತಡ ಇಳಿದು, ದೃಷ್ಟಿನರಕ್ಕೆ ಬೇಕಾದಷ್ಟು ಆಮ್ಲಜನಕ ತಲುಪದೆ ಹೀಗಾಗಬಹುದು. ಸುಮಾರು ಹನ್ನೆರಡು ಲಕ್ಷ ಎಳೆಗಳ ಆ ನರ ಸತ್ತರೆ ಮತ್ತೆ ಚಿಗುರದು. ಅದಕ್ಕೆ ಲೋಹದ ಬದಲಿ ಇಲ್ಲ.

ಗುಜರಾತಿನಲ್ಲೂ ನಮ್ಮ ಶ್ರವಣಬೆಳಗೊಳದಲ್ಲೂ ನೆಲೆನಿಂತ ಜೈನಧರ್ಮ ಹನ್ನೆರಡು ಅನುಪ್ರೇಕ್ಷೆಗಳನ್ನು, ಅಂದರೆ ಮತ್ತೆ ಮತ್ತೆ ಮನನ ಮಾಡಬೇಕಾದ ಚಿಂತನೆಗಳನ್ನು, ಹೇಳುತ್ತದೆ. ಮೊದಲನೆಯದು ಅನಿತ್ಯ. ಅದರ ಬೆನ್ನಿಗೇ ಅಶರಣ, ಕಾಯುವವರು ಯಾರೂ ಇಲ್ಲವೆಂಬ ಅರಿವು. ಒಂದಾದ ಮೇಲೆ ಇನ್ನೊಂದು ಏಕೆಂಬುದು ಇಲ್ಲಿ ತಿಳಿಯುತ್ತದೆ. ಸವೆದ ಮಂಡಿ ಕಲಿಸುವುದು ಅನಿತ್ಯವನ್ನಷ್ಟೇ. ವೈದ್ಯರಿದ್ದಾರೆ, ಹಣವಿದೆ, ಮಕ್ಕಳಿದ್ದಾರೆ ಎಂಬ ಧೈರ್ಯ ಅಲುಗದೆ ಉಳಿದಿರುತ್ತದೆ. ನುರಿತ ಕೈಯಲ್ಲಿ ಸರಿಯಾಗಿಯೇ ಆದ ಆಪರೇಷನ್ನಿನ ಮರುದಿನ ನೋಟ ಹೋದರೆ ಆ ಧೈರ್ಯವೂ ಹೋಗುತ್ತದೆ. ಬೈಯಲು ಕೂಡ ಯಾರೂ ಸಿಗದ ನಷ್ಟ ಅದು.

ಹಾಗೆಂದು ಅಶರಣವೆಂದರೆ ಕೈಚೆಲ್ಲಿ ಕೂರುವುದಲ್ಲ. ರಕ್ತಹೀನತೆ, ಬಿಪಿ, ಸಕ್ಕರೆ ಕಾಯಿಲೆಯಿದ್ದರೆ ಮೊದಲೇ ಹೇಳಬೇಕು. ಎಚ್ಚರವಾದ ಮೇಲೆ ನೋಟ ಮಸುಕೆನಿಸಿದರೆ, ಅರಿವಳಿಕೆಯ ಮಂಪರಿರಬೇಕೆಂದು ಸುಮ್ಮನಿರದೆ ಆ ಕ್ಷಣವೇ ತಿಳಿಸಬೇಕು. ಏನೂ ಆಗದೆಂಬ ಭರವಸೆಯನ್ನು ಯಾರಿಂದಲೂ ಕೇಳಲಾಗದು. ಎಚ್ಚರಿಕೆಯನ್ನು ಎಲ್ಲರಿಂದಲೂ ಕೇಳಬಹುದು. ಒಪ್ಪಿಗೆ ಪತ್ರಕ್ಕೆ ರುಜು ಹಾಕುವಾಗ ನಾವು ನಿಜವಾಗಿ ಒಪ್ಪಿಕೊಳ್ಳಬೇಕಾದ್ದು ಇಷ್ಟನ್ನೇ.