ಪದವಿಯ ಉಡುಪು ಮತ್ತು ಹೊತ್ತವರ ಹೆಸರು

ಸದಸ್ಯರೆಲ್ಲರೂ ಪರಸ್ಪರ ಸೋದರರೆಂದು ಸಾರುವ ಸಂಘವೊಂದು ತನ್ನ ಪದಾಧಿಕಾರಿಗಳಿಗೆ ಮಾತ್ರ ಏಕರೂಪದ ಉಡುಪನ್ನೂ ಹೆಸರಿನ ಬಿಲ್ಲೆಯನ್ನೂ ಗೊತ್ತುಪಡಿಸಿದರೆ, ಅದು ತನ್ನ ತತ್ತ್ವವನ್ನು ತಾನೇ ಅಲ್ಲಗಳೆದಂತಾಗುವುದಿಲ್ಲವೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಶಿಷ್ಟಾಚಾರದ್ದೆಂದು ತೋರಿದರೂ ವಾಸ್ತವದಲ್ಲಿ ನೀತಿಶಾಸ್ತ್ರಕ್ಕೆ ಸೇರಿದ್ದು. ರಕ್ತಸಂಬಂಧವಿಲ್ಲದವರು ದೀಕ್ಷಾವಿಧಿ ಹಾಗೂ ಪ್ರತಿಜ್ಞೆಗಳ ಮೂಲಕ ಬಾಂಧವ್ಯವನ್ನು ಕಟ್ಟಿಕೊಂಡು, ಪರಸ್ಪರ ನೆರವನ್ನು ಕರ್ತವ್ಯವೆಂದು ಒಪ್ಪಿಕೊಂಡ ಸಂಸ್ಥೆಗಳೇ ಸೋದರ ಸಂಘಗಳು. ಇವುಗಳಿಗೆ ಸಮಾನತೆಯೇ ತಳಹದಿಯಾದುದರಿಂದ, ಉಡುಪಿನಲ್ಲಿ ಮಾಡುವ ಭೇದಕ್ಕೆ ಸಮರ್ಥನೆ ಬೇಕಾಗುತ್ತದೆ.

ಈ ಪರಿಶೀಲನೆಗೆ ಫ್ರೀಮೇಸನ್ರಿ ತಕ್ಕ ಉದಾಹರಣೆ. ಕಲ್ಲುಕುಟಿಗರ ಸಲಕರಣೆಗಳನ್ನು ನೀತಿಬೋಧೆಯ ಸಂಕೇತಗಳನ್ನಾಗಿ ಮಾಡಿಕೊಂಡಿರುವ ಈ ಸಂಘದ ಮೊದಲ ಗ್ರ್ಯಾಂಡ್ ಲಾಡ್ಜ್, ಎಂದರೆ ಸ್ಥಳೀಯ ಘಟಕಗಳಾದ ಲಾಡ್ಜ್‌ಗಳ ಮೇಲಿನ ಆಡಳಿತ ಮಂಡಲಿ, 1717ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾಯಿತೆಂಬುದು ಸಂಪ್ರದಾಯದ ಎಣಿಕೆ. 1961ರಲ್ಲಿ ಆರಂಭವಾದ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾದ ಅಡಿಯಲ್ಲಿ ಬೆಂಗಳೂರಿನಲ್ಲಿಯೂ ಲಾಡ್ಜ್‌ಗಳಿವೆ. ಹೊಸದಾಗಿ ದೀಕ್ಷೆ ಪಡೆದವನು ಸಿರಿವಂತನಾಗಲಿ ಕುಶಲಕರ್ಮಿಯಾಗಲಿ ಅವನಿಗೆ ಸಲ್ಲುವುದು ಕುರಿಮರಿಯ ತೊಗಲಿನ ಅದೇ ಬಿಳಿಯ ಏಪ್ರನ್. ಪದಾಧಿಕಾರಿಗಳಾದರೋ ಅದರ ಜೊತೆಗೆ ಕೊರಳಪಟ್ಟಿಯನ್ನು ಧರಿಸಿ, ಅದರ ತುದಿಯಲ್ಲಿ ತಮ್ಮ ಹುದ್ದೆಯ ಪದಕವನ್ನು ತೂಗಬಿಡುತ್ತಾರೆ. ಅಧ್ಯಕ್ಷಸ್ಥಾನದ ಮಾಸ್ಟರನಿಗೆ ಸನ್ನಡತೆಯನ್ನು ಸೂಚಿಸುವ ಮೂಲೆಮಟ್ಟ, ಹಿರಿಯ ವಾರ್ಡನ್ನನಿಗೆ ಸಮಾನತೆಯನ್ನು ಸೂಚಿಸುವ ಮಟ್ಟಗೋಲು, ಕಿರಿಯ ವಾರ್ಡನ್ನನಿಗೆ ನೇರನಡೆಯನ್ನು ಸೂಚಿಸುವ ತೂಗುಗುಂಡು ಮೀಸಲಾಗಿವೆ. ಹಿರಿತನದ ಗುರುತಾಗಿ ಧರಿಸುವ ಪದಕವೇ ಸಮಾನತೆಯನ್ನು ಬೋಧಿಸುವ ಸಲಕರಣೆಯಾಗಿರುವುದು ವಿರೋಧಾಭಾಸದಂತೆ ಕಂಡರೂ, ಅಧಿಕಾರಕ್ಕೇರಿದವನು ತನ್ನನ್ನು ಅಳೆಯುವ ಅಳತೆಗೋಲನ್ನು ತಾನೇ ಎದೆಯ ಮೇಲೆ ಹೊರಬೇಕೆಂಬ ವಿವೇಕ ಅದರಲ್ಲಿದೆ.

ಇಂತಹ ಗುರುತುಗಳು ವ್ಯಕ್ತಿಗೆ ಸಲ್ಲದೆ ಹುದ್ದೆಗೆ ಸಲ್ಲುತ್ತವೆ ಎಂಬುದು ಅವುಗಳ ಪರವಾದ ಮೊದಲ ವಾದ. ಮಾಸ್ಟರನ ಅವಧಿ ಸಾಮಾನ್ಯವಾಗಿ ಒಂದು ವರ್ಷದ್ದು. ಅದು ಮುಗಿದ ಮೇಲೆ ಹುದ್ದೆಯ ಕೊರಳಪಟ್ಟಿ ಉತ್ತರಾಧಿಕಾರಿಯ ಕೊರಳಿಗೆ ಹೋಗುತ್ತದೆ. ಕಳಚಿಕೊಡಲೇಬೇಕಾದ ಗೌರವವನ್ನು ಧರಿಸಿದವನು ಅದನ್ನು ತನ್ನ ಸ್ವಂತ ಗುಣವೆಂದು ಭ್ರಮಿಸುವುದು ಕಷ್ಟ. ಆದರೆ 17ನೆಯ ಶತಮಾನದ ಇಂಗ್ಲೆಂಡಿನ ಕ್ವೇಕರ್ ಪಂಥದವರಿಗೆ ಇಷ್ಟು ಸಮಾಧಾನ ಸಾಲುತ್ತಿರಲಿಲ್ಲ. ಪ್ರತಿಯೊಬ್ಬ ಮನುಷ್ಯನಲ್ಲಿಯೂ ದೈವೀ ಬೆಳಕಿದೆಯೆಂದು ನಂಬಿದ್ದ ಅವರು ಬಿರುದುಗಳನ್ನು ಬಳಸಲು ಒಪ್ಪದೆ, ಮೇಲಧಿಕಾರಿಗಳ ಮುಂದೆ ಟೋಪಿ ತೆಗೆಯಲೂ ನಿರಾಕರಿಸಿ, ಸರಳ ಉಡುಪನ್ನೇ ಆರಿಸಿಕೊಂಡರು. ಈ ಆಕ್ಷೇಪ ಗಂಭೀರವಾದುದು. ಆದರೂ ಕಾಲಾಂತರದಲ್ಲಿ ಆ ಸರಳ ಉಡುಪೇ ಕ್ವೇಕರರನ್ನು ದೂರದಿಂದಲೇ ಗುರುತಿಸುವ ಸಮವಸ್ತ್ರವಾಯಿತು. ಗುರುತಿಲ್ಲದ ಸಮುದಾಯ ದುರ್ಲಭವಾದುದರಿಂದ, ಗುರುತು ಯಾರ ಹಿತಕ್ಕಾಗಿ ಇದೆ ಎಂಬುದನ್ನೇ ವಿಚಾರಿಸಬೇಕು.

ಇದಕ್ಕೆ ಬೈಬಲ್ಲಿನ ವಿಮೋಚನಕಾಂಡದ 28ನೆಯ ಅಧ್ಯಾಯ ಆಳವಾದ ಉತ್ತರವನ್ನು ಕೊಡುತ್ತದೆ. ಅಲ್ಲಿ ವರ್ಣಿತನಾದ ಮಹಾಯಾಜಕನ ಎದೆಕವಚದಲ್ಲಿ ಹನ್ನೆರಡು ರತ್ನಗಳಿದ್ದು, ಅವುಗಳಲ್ಲಿ ಇಸ್ರಾಯೇಲಿನ ಹನ್ನೆರಡು ಕುಲಗಳ ಹೆಸರುಗಳನ್ನು ಕೆತ್ತಬೇಕೆಂಬ ವಿಧಿಯಿದೆ. ಹೆಗಲಿನ ಎರಡು ಕಲ್ಲುಗಳ ಮೇಲೆಯೂ ಆರಾರು ಹೆಸರುಗಳಿರುತ್ತವೆ. ಅಷ್ಟು ವೈಭವದ ಉಡುಪನ್ನು ತೊಟ್ಟವನು ದೇವರ ಸನ್ನಿಧಿಗೆ ಕೊಂಡೊಯ್ಯುವುದು ತನ್ನವರೆಲ್ಲರ ಹೆಸರುಗಳನ್ನು. ಫ್ರೀಮೇಸನ್ರಿಯ ರಾಯಲ್ ಆರ್ಚ್ ಶಾಖೆಯ ಅಮೆರಿಕದ ಘಟಕಗಳಲ್ಲಿ ಅಧ್ಯಕ್ಷನನ್ನು ಮಹಾಯಾಜಕನೆಂದೇ ಕರೆದು ಅವನಿಗೆ ಇದೇ ಮಾದರಿಯ ಎದೆಕವಚವನ್ನು ತೊಡಿಸುತ್ತಾರೆ. ಇಂದಿನ ಪದಾಧಿಕಾರಿಯ ಹೆಸರಿನ ಬಿಲ್ಲೆ ಇದೇ ಸಂಬಂಧದ ಮತ್ತೊಂದು ಮುಖ. ಕೊರಳಪಟ್ಟಿ ಹುದ್ದೆ ಯಾವುದೆಂದು ತಿಳಿಸಿದರೆ, ಬಿಲ್ಲೆ ಆ ಹುದ್ದೆಯಲ್ಲಿ ನಡೆದುದಕ್ಕೆ ಉತ್ತರ ಹೇಳಬೇಕಾದವರು ಯಾರೆಂದು ತಿಳಿಸುತ್ತದೆ. ಆದುದರಿಂದ ಅದರ ಅಕ್ಷರಗಳು ಸಭೆಗೆ ಅಂದೇ ಬಂದ ಅಪರಿಚಿತರಿಗೂ ಓದಲು ಬರುವಷ್ಟು ದೊಡ್ಡದಾಗಿರಬೇಕೆಂಬುದು ಅಲಂಕಾರದ ಮಾತಲ್ಲ, ಉತ್ತರದಾಯಿತ್ವದ ಮಾತು.

ಉಡುಪಿನ ಆಯ್ಕೆಯಲ್ಲಿ ಈ ತತ್ತ್ವದ ಪರೀಕ್ಷೆ ಇನ್ನಷ್ಟು ನಿಕಟವಾಗುತ್ತದೆ. 19ನೆಯ ಶತಮಾನದ ನಡುವಿನಲ್ಲಿ ಅಮೆರಿಕದ ರಾಬ್ ಮಾರಿಸ್ ರೂಪಿಸಿದ ಆರ್ಡರ್ ಆಫ್ ದಿ ಈಸ್ಟರ್ನ್ ಸ್ಟಾರ್, ಫ್ರೀಮೇಸನ್ರಿಯೊಂದಿಗೆ ನಂಟುಳ್ಳ ಸ್ತ್ರೀಯರನ್ನೂ ಪುರುಷರನ್ನೂ ಒಳಗೊಂಡ ಸಂಘ. ಅದರ ಲಾಂಛನವಾದ ನಕ್ಷತ್ರದ ಐದು ಕೋನಗಳನ್ನು, ಬೈಬಲ್ ಆಧಾರಿತ ಸ್ತ್ರೀಯರ ಹೆಸರುಳ್ಳ ಐವರು ಪದಾಧಿಕಾರಿಣಿಯರು ತಮ್ಮ ತಮ್ಮ ಬಣ್ಣಗಳೊಂದಿಗೆ ಪ್ರತಿನಿಧಿಸುತ್ತಾರೆ: ಆದಾ ನೀಲಿ, ರೂತ್ ಹಳದಿ, ಎಸ್ತೇರ್ ಬಿಳಿ, ಮಾರ್ಥಾ ಹಸಿರು, ಇಲೆಕ್ಟಾ ಕೆಂಪು. ವಿಧಿಗಳ ಸಮಯದಲ್ಲಿ ಪದಾಧಿಕಾರಿಣಿಯರು ಒಂದೇ ಬಗೆಯ ನಿಲುವಂಗಿಗಳನ್ನು ತೊಡುವ ರೂಢಿ ಅನೇಕ ಘಟಕಗಳಲ್ಲಿದೆ. ಆ ಬೈಬಲ್ ಸ್ತ್ರೀಯರಲ್ಲಿ ರೂತಳು ಅನ್ಯದೇಶದಿಂದ ಬಂದು, ಕೊಯ್ಲುಗಾರರ ಹಿಂದೆ ಬಿದ್ದ ತೆನೆಗಳನ್ನು ಆಯ್ದು ಅತ್ತೆಯನ್ನು ಸಾಕಿದ ಬಡ ವಿಧವೆ. ಆಕೆಯನ್ನು ಪ್ರತಿನಿಧಿಸುವ ಸ್ಥಾನಕ್ಕೆ ಬೆಲೆಬಾಳುವ ನಿಲುವಂಗಿಯನ್ನು ಕಡ್ಡಾಯಮಾಡಿ, ಅದನ್ನು ಕೊಳ್ಳಲಾರದ ಸದಸ್ಯೆ ಸಂಕೋಚದಿಂದ ಹುದ್ದೆಯನ್ನೇ ಬಿಡುವಂತಾದರೆ, ಸಂಕೇತವು ತನ್ನ ಅರ್ಥವನ್ನೇ ಹೊರಗಟ್ಟಿದಂತಾಗುತ್ತದೆ. ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆಯೂ ಸಭೆಗೆ ಬಂದವರನ್ನು ಬಟ್ಟೆ ನೋಡಿ ಕೂರಿಸುವ ಪಕ್ಷಪಾತವನ್ನು ಖಂಡಿಸುತ್ತದೆ. ಆದುದರಿಂದ ಉಡುಪನ್ನು ಆರಿಸುವವರು ಬಣ್ಣ ಮತ್ತು ಹೊಲಿಗೆಗಳಿಗಿಂತ ಮೊದಲು ಅತ್ಯಂತ ಕಡಿಮೆ ಅನುಕೂಲವುಳ್ಳ ಸದಸ್ಯರ ಶಕ್ತಿಯನ್ನು ಗಮನಿಸಬೇಕು, ಇಲ್ಲವೇ ವೆಚ್ಚವನ್ನು ಸಂಘವೇ ವಹಿಸಿಕೊಳ್ಳಬೇಕು.

ಉಡುಪು ಸರಿಯಾಗಿದ್ದರೆ ನಡತೆಯೂ ಸರಿಹೋಗುತ್ತದೆಂದು ಭಾವಿಸಲಾಗದು. ಬಾಸ್ಟನ್ನಿನ ಆಫ್ರಿಕನ್ ಮೂಲದ ಪ್ರಿನ್ಸ್ ಹಾಲ್ ಮತ್ತು ಅವನ ಸಂಗಡಿಗರ ಲಾಡ್ಜ್‌ಗೆ 1784ರಲ್ಲಿ ಇಂಗ್ಲೆಂಡಿನಿಂದಲೇ ಸನ್ನದು ದೊರೆತಿದ್ದರೂ, ಆ ಪರಂಪರೆಯ ಕಪ್ಪು ಸೋದರರನ್ನು ಅಮೆರಿಕದ ಬಿಳಿಯರ ಗ್ರ್ಯಾಂಡ್ ಲಾಡ್ಜ್‌ಗಳು ಸುಮಾರು ಎರಡು ಶತಮಾನಗಳ ಕಾಲ ಮಾನ್ಯಮಾಡಲಿಲ್ಲ. ಶಾಶ್ವತವಾದ ಬದಲಾವಣೆ ಆರಂಭವಾದುದು 1989ರಲ್ಲಿ ಕನೆಕ್ಟಿಕಟ್ ರಾಜ್ಯದಿಂದ. ಆ ಕಾಲದುದ್ದಕ್ಕೂ ಮಟ್ಟಗೋಲಿನ ಪದಕವು ಸಮಾನತೆಯನ್ನು ನಿರಾಕರಿಸಿದವರ ಎದೆಯ ಮೇಲೆಯೇ ತೂಗಾಡುತ್ತಿತ್ತು. ಆದರೂ ಸಂಕೇತ ನಿಷ್ಪ್ರಯೋಜಕವೆಂದು ಇದರಿಂದ ಸಿದ್ಧವಾಗುವುದಿಲ್ಲ, ಏಕೆಂದರೆ ಧರಿಸಿದವರ ತಪ್ಪನ್ನು ಅವರ ಪದಕವನ್ನೇ ಮುಂದಿಟ್ಟು ತೋರಿಸಲು ಸಾಧ್ಯವಾಗುತ್ತದೆ. ಪದಾಧಿಕಾರಿಯ ಉಡುಪು ಮತ್ತು ಬಿಲ್ಲೆಗಳು ಸಮರ್ಥನೀಯವಾಗುವುದು, ಅವುಗಳನ್ನು ತೊಡದ ಸಾಮಾನ್ಯ ಸದಸ್ಯನಿಗೆ ತೊಟ್ಟವರನ್ನು ಹೆಸರು ಹಿಡಿದು ಪ್ರಶ್ನಿಸುವ ಹಕ್ಕನ್ನು ಅವು ಕೊಟ್ಟಾಗ ಮಾತ್ರ.