ಯಾಕೆ ಮತ್ತು ಯಾರು

ನಮ್ಮ ಮನೆಗಳಲ್ಲಿ ಏನಾದರೂ ಕೆಟ್ಟಿತೆಂದರೆ ‘ಯಾಕೆ’ ಎನ್ನುವ ಮೊದಲೇ ‘ಯಾರು’ ಎಂಬ ಪ್ರಶ್ನೆ ಏಳುತ್ತದೆ. ಒಲೆಯ ಮೇಲಿನ ಹಾಲು ಒಡೆದರೂ ಅಷ್ಟೆ, ಮುರಿದ ಮೂಳೆ ಕೂಡದಿದ್ದರೂ ಅಷ್ಟೆ.

ನಮ್ಮ ಬೀದಿಯ ಅಜ್ಜಿಯೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಬಳಿ ತೊಡೆಮೂಳೆ ಮುರಿದುಕೊಂಡರು. ಆಪರೇಷನ್ ಮಾಡಿ ಪ್ಲೇಟು, ಸ್ಕ್ರೂ ಹಾಕಿದರು. ಎರಡು ತಿಂಗಳಲ್ಲಿ ಸ್ಕ್ರೂ ಮೂಳೆಯ ತಲೆಭಾಗವನ್ನು ಸೀಳಿಕೊಂಡು ಹೊರಬಂತು. “ಸೊಸೆ ಬೇಗ ನಡೆಸಿಬಿಟ್ಟಳು” ಎಂದರು ನೆಂಟರು. ಅಜ್ಜಿ “ನನ್ನ ಕರ್ಮ” ಎಂದು ಗೋಡೆಗೆ ಮುಖ ಮಾಡಿ ಮಲಗಿದರು.

ಒಳಗೆ ಹಾಕಿದ ಲೋಹ ಮೂಳೆ ಕೂಡುವ ತನಕ ಆಸರೆ, ಅಷ್ಟೇ. ಕೂಡುವುದು ತೀರ ತಡವಾದರೆ ಎಂಥ ಲೋಹವೂ ದಣಿದು ಮುರಿಯಬಹುದು. ಮೂಳೆ ಟೊಳ್ಳಾಗಿದ್ದರೆ ಸ್ಕ್ರೂ ಹಿಡಿಯುವುದಿಲ್ಲ, ಗೆದ್ದಲು ತಿಂದ ಮರಕ್ಕೆ ಮೊಳೆ ಹೊಡೆದ ಹಾಗೆ. ಮೂಳೆ ಚೂರುಚೂರಾಗಿದ್ದರೂ, ಜೋಡಣೆ ಓರೆಯಾದರೂ ಅಪಾಯವೇ. ಸ್ಕ್ರೂ ಕೂತ ಜಾಗವೂ ಮುಖ್ಯ. ಅಮೆರಿಕದ ಬಾಮ್‌ಗಾರ್ಟ್ನರ್ ಮತ್ತು ಸಂಗಡಿಗರು ಸ್ಕ್ರೂವಿನ ತುದಿಯಿಂದ ಮೂಳೆಯ ನೆತ್ತಿಗಿರುವ ದೂರವನ್ನು ಎರಡು ದಿಕ್ಕಿನ ಎಕ್ಸ್‌ರೇಗಳಲ್ಲಿ ಅಳೆದು ಕೂಡಿಸಿ, 1995ರಲ್ಲಿ ಪ್ರಕಟಿಸಿದರು. ಮೊತ್ತ 25 ಮಿಲಿಮೀಟರ್ ಮೀರದ 120 ಸ್ಕ್ರೂಗಳಲ್ಲಿ ಒಂದೂ ಸೀಳಿ ಬಂದಿರಲಿಲ್ಲ.

ಹಾಗಾದರೆ ತಪ್ಪೆಲ್ಲ ಡಾಕ್ಟರದೇ? ಅದೂ ಅವಸರದ ಮಾತು. ಮುಟ್ಟು ನಿಂತ ಮೇಲೆ ಹೆಣ್ಣಿನ ಮೂಳೆ ಬೇಗಬೇಗ ಸವೆಯುತ್ತದೆ. ವರ್ಷಗಟ್ಟಲೆ ಸವೆದದ್ದನ್ನು ಒಂದು ದಿನದ ಕೈಚಳಕ ಪೂರ್ತಿ ತುಂಬಿಕೊಡಲಾರದು. ಇನ್ನು ನಡೆಸುವುದು? ಆಪರೇಷನ್ ಆದವರನ್ನು ಆದಷ್ಟು ಬೇಗ ಎಬ್ಬಿಸಿ, ವಾಕರ್ ಹಿಡಿಸಿ ಎಂದು ಸಾಮಾನ್ಯವಾಗಿ ವೈದ್ಯರೇ ಹೇಳುತ್ತಾರೆ. ಮಲಗಿಯೇ ಇದ್ದರೆ ಬೆನ್ನುಹುಣ್ಣು, ನ್ಯುಮೋನಿಯಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಆ ಸೊಸೆ ಮಾಡಿದ್ದು ವೈದ್ಯರು ಹೇಳಿದ್ದನ್ನೇ.

ಆದರೂ ದೂರು ಬಂದದ್ದು ಅವಳ ತಲೆಗೆ. ಕಣ್ಣಿಗೆ ಕಾಣುವುದು ಹತ್ತಿರ ನಿಂತವರ ಕೈ ತಾನೆ? ಹತ್ತಿರ ನಿಲ್ಲದವರ ಕೈಯಲ್ಲಿ ತಪ್ಪಾಗುವ ಸಂದರ್ಭವೇ ಇರುವುದಿಲ್ಲ.

ಬೈಗುಳಕ್ಕೆ ಹೆದರುವ ಮಗು ಒಡೆದ ಗಾಜಿನ ಚೂರನ್ನು ಬೆಂಚಿನ ಕೆಳಗೆ ತಳ್ಳುವುದನ್ನು ತರಗತಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಮನೆಯಲ್ಲೂ ಹಾಗೆಯೇ. ತೊಡೆಸಂದಿನಲ್ಲಿ ಹೊಸ ನೋವು, ಕಾಲು ಗಿಡ್ಡವಾದಂತೆ ಅನಿಸುವುದು, ಇವೆಲ್ಲ ಒಡನೆ ಹೇಳಬೇಕಾದ ಸೂಚನೆಗಳು. ಬೈಯುವವರ ಮುಂದೆ ಅಜ್ಜಿ ಅದನ್ನು ನುಂಗಿಕೊಳ್ಳುತ್ತಾರೆ. ಬೈಸಿಕೊಂಡ ಸೊಸೆ ಇನ್ನೊಮ್ಮೆ ಕೈಹಿಡಿದು ಎಬ್ಬಿಸಲು ಹೆದರುತ್ತಾಳೆ.

‘ಯಾಕೆ’ ಎಂದು ಡಾಕ್ಟರನ್ನು ಕೇಳೋಣ, ಎಕ್ಸ್‌ರೇ ತೋರಿಸಿ ಎನ್ನೋಣ, ನಮ್ಮದೇ ಮೂಳೆಯನ್ನೂ ಪರೀಕ್ಷಿಸಿಕೊಳ್ಳೋಣ. ‘ಯಾರು’ ಎಂದು ಕೇಳುವ ಮೊದಲು ಮಾತ್ರ, ರಾತ್ರಿಯೆಲ್ಲ ಎದ್ದು ಕೂತವಳು ಯಾರು ಎಂದೂ ಕೇಳಿಕೊಳ್ಳೋಣ.