ಬಂದವರ ಊರಿನಲ್ಲಿ ಮೂಲದ ಮಾತು

ದಾವಣಗೆರೆಯಲ್ಲಿ ‘ಮೂಲದವರು’ ಯಾರು ಎಂದು ಹುಡುಕಿಕೊಂಡು ಹೊರಟರೆ ಕೈಗೆ ಯಾರೂ ಸಿಗುವುದಿಲ್ಲ. ಹಳೆಯ ಮೈಸೂರು ಗ್ಯಾಸೆಟಿಯರ್ ಹೇಳುವಂತೆ ಇದು ಬೇತೂರಿನ ಮಗ್ಗುಲಿಗಿದ್ದ ಒಂದು ಸಣ್ಣ ಹಳ್ಳಿ. ಹೈದರಾಲಿ ಇದನ್ನು ಆಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ. ಆತ ವ್ಯಾಪಾರಸ್ಥರನ್ನು ಕರೆಕರೆದು ನೆಲೆ ನಿಲ್ಲಿಸಿದ, ಪೇಟೆ ಬೆಳೆಯಿತು. ಆಮೇಲೆ ಹತ್ತಿ ಬಂತು, ಗಿರಣಿ ಬಂತು, ಗಿರಣಿಯ ಹಿಂದೆ ಹತ್ತೂರ ಜನ ಬಂದರು. ಹರಿಹರದಲ್ಲಿ 1941ರಲ್ಲಿ ಕಿರ್ಲೋಸ್ಕರ್ ಕಾರ್ಖಾನೆ ಶುರುವಾದ ಮೇಲೂ ಹಾಗೇ ಆಯಿತು. ಊರಿನ ಹೆಮ್ಮೆಯಾದ ಬೆಣ್ಣೆದೋಸೆಯನ್ನೇ ತೆಗೆದುಕೊಳ್ಳಿ. 1928ರಲ್ಲಿ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ನಾಟಕದ ಥಿಯೇಟರಿನ ಮುಂದೆ ದೋಸೆ ಹಾಕಲು ಕೂತದ್ದು ಅದರ ಆರಂಭ ಅನ್ನುತ್ತಾರೆ. ಇನ್ನು ಸಂಜೆಯ ಮಂಡಕ್ಕಿ, ಮೆಣಸಿನಕಾಯಿ ಬೇಡವೆನ್ನುವ ಜಾತಿ ಈ ಊರಲ್ಲಿಲ್ಲ. ಆ ಮಂಡಕ್ಕಿ ಹುರಿಯುವ ಭಟ್ಟಿಗಳ ಬೆಂಕಿಯ ಮುಂದೆ ನಿಲ್ಲುವವರು ಬಹುಪಾಲು ಮುಸ್ಲಿಮರು.

ಅಷ್ಟೇಕೆ, ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಹೊನ್ನಾಳಿ, ಚನ್ನಗಿರಿಗಳನ್ನು ಶಿವಮೊಗ್ಗದಿಂದ ತಂದು ಸೇರಿಸಿದರು. ಹರಪನಹಳ್ಳಿ ಬಳ್ಳಾರಿಯಿಂದ ಬಂತು, 2018ರಲ್ಲಿ ವಾಪಸು ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಕೂತಲ್ಲೇ ಕೂತ ಆ ತಾಲ್ಲೂಕಿನ ರೈತ ಮೂರು ಜಿಲ್ಲೆಗಳ ಪ್ರಜೆಯಾದ. ಮೂಲ ಎಂಬುದು ಇಷ್ಟು ಸಡಿಲವಾಗಿರುವ ಕಡೆಯೂ ಅದರ ಬಗ್ಗೆ ನಮಗಿರುವ ಬಿಗಿ ನೋಡಿದರೆ ಸೋಜಿಗವಾಗುತ್ತದೆ.

ಈ ಸೀಮೆಯ ಹಳ್ಳಿಗಳಲ್ಲಿ ಮೂಲ ಹೇಳುವುದಕ್ಕೆಂದೇ ಒಂದು ಸಮುದಾಯವಿದೆ: ಹೆಳವರು. ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬರುತ್ತಿದ್ದರು, ಈಗ ಬೈಕಿನಲ್ಲಿ ಬರುವವರೂ ಇದ್ದಾರೆ. ಸುಗ್ಗಿ ಮುಗಿದು ಮನೆಯಲ್ಲಿ ಕಾಳುಕಡಿ ಇರುವ ಹೊತ್ತು ನೋಡಿ ಬರುತ್ತಾರೆ. ಜಗಲಿಯ ಮೇಲೆ ಕಂಬಳಿ ಹಾಸಿಸಿಕೊಂಡು ಕೂತು, ಬಟ್ಟೆಯ ಗಂಟು ಬಿಚ್ಚಿ, ಅಂಚು ಸವೆದ ಹೊತ್ತಿಗೆಯನ್ನು ತೆಗೆದರೆಂದರೆ ಒಳಗಿದ್ದವರೆಲ್ಲ ಹೊರಗೆ ಬರುತ್ತಾರೆ. ಮೂಲಪುರುಷನಿಂದ ಶುರು. ಬೆಡಗು ಯಾವುದು, ಮನೆದೇವರು ಯಾವುದು, ಯಾರ ಹೊಟ್ಟೆಯಲ್ಲಿ ಯಾರು. ಒಂದೇ ಉಸಿರಿನ ರಾಗದಲ್ಲಿ ಓದು ಸಾಗುತ್ತದೆ. ‘ಬರ ಬಿತ್ತು, ಎತ್ತು ಮಾರಿದರು, ಹಿರಿಯವ ಅಲ್ಲೇ ಉಳಿದ, ನಡುವಿನವ ಹೊಳೆ ದಾಟಿದ, ಕಿರಿಯವ ಈ ಊರಿಗೆ ಬಂದು ಗೌಡರ ಹಿತ್ತಲಲ್ಲಿ ಗುಡಿಸಲು ಹಾಕಿದ’ ಎಂಬ ಧಾಟಿ. ಕೊನೆಗೆ ಈಚೆಗೆ ಹುಟ್ಟಿದ ಕೂಸುಗಳ ಹೆಸರು ಬರೆದುಕೊಂಡು, ಜೋಳವನ್ನೋ ರೊಕ್ಕವನ್ನೋ ಪಡೆದು, ಮುಂದಿನ ಮನೆಗೆ. ಅನುಕೂಲಸ್ಥರು ಕರುವನ್ನೂ ಕೊಟ್ಟದ್ದುಂಟು. ಎಲ್ಲರ ನೆಲೆಯನ್ನೂ ಬಲ್ಲ ಈ ಜನ ತಾವು ಮಾತ್ರ ಅಲೆಮಾರಿಗಳು.

ಹೆಳವರ ಓದಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ವಂಶದ ದೊಡ್ಡಸ್ತಿಕೆಯಲ್ಲ, ಆ ಗೌಡರ ಹಿತ್ತಲು. ಒಂದಲ್ಲ ಒಂದು ತಲೆಮಾರಿನಲ್ಲಿ ಪ್ರತಿ ಮನೆತನವೂ ಗಂಟುಮೂಟೆ ಹೊತ್ತು ಯಾರದೋ ಬಾಗಿಲಲ್ಲಿ ನಿಂತಿದೆ, ಒಳಗಿದ್ದವರು ಜಾಗ ಕೊಟ್ಟಿದ್ದಾರೆ. ಮೂಲದ ಕಥೆಯಲ್ಲಿ ತಪ್ಪದೆ ಬರುವ ಈ ಪಾತ್ರವನ್ನು ನಾವು ಕೇಳಿಯೂ ಕೇಳದಂತೆ ದಾಟಿಬಿಡುತ್ತೇವೆ. ಮೂಲಪುರುಷನ ಹೆಸರು ಮೊಮ್ಮಗನಿಗೆ ಇಡುತ್ತೇವೆ. ಹಿತ್ತಲು ಕೊಟ್ಟವನ ಹೆಸರು ಹೊತ್ತಿಗೆಯಲ್ಲೇ ಉಳಿಯುತ್ತದೆ.

ಪಶ್ಚಿಮ ಆಫ್ರಿಕಾದಲ್ಲೂ ಹೆಳವರಂಥವರಿದ್ದಾರೆ. ಮಾಲಿ, ಸೆನೆಗಲ್ ಕಡೆಯ ಗ್ರಿಯೋಗಳು ಮನೆತನಗಳ ವಂಶಾವಳಿಯನ್ನು ನಾಲಿಗೆಯ ಮೇಲೇ ಇಟ್ಟುಕೊಂಡು ಹಾಡುತ್ತಾರೆ. ಘಾನಾ, ಟೋಗೊ ಸೀಮೆಯ ಎವೆ ಜನರ ಮೂಲಕಥೆ ಚೆಲುವಾದದ್ದು. ನೊಟ್ಸೆ ಎಂಬ ಕೋಟೆಯೂರಿನಲ್ಲಿ ಆಗೊಕೊಲಿ ಎಂಬ ಕ್ರೂರ ರಾಜನಿದ್ದ. ಜನ ರಾತ್ರಿ ಗೋಡೆ ಒಡೆದು ಹೊರಬಿದ್ದರು, ಬೀಳುವಾಗ ಹಿಮ್ಮುಖವಾಗಿ ನಡೆದರು. ಹೆಜ್ಜೆಗುರುತು ನೋಡಿದವರಿಗೆ ಇವರು ಊರೊಳಕ್ಕೆ ಬಂದಂತೆ ಕಾಣಬೇಕು! ಇಂದಿಗೂ ನವೆಂಬರಿನಲ್ಲಿ ಅನ್ಲೋಗಾ ಎಂಬಲ್ಲಿ ಆ ಬಿಡುಗಡೆಯ ಹಬ್ಬ ನಡೆಯುತ್ತದೆ. ಓಡಿಬಂದವರು ನಾವು ಎನ್ನುವುದೇ ಅವರಿಗೆ ಹಬ್ಬ.

ಅದೇ ಕರಾವಳಿಯ ಐವರಿ ಕೋಸ್ಟಿನಲ್ಲಿ ಮೂಲದ ಮಾತು ಬೇರೆ ದಾರಿ ಹಿಡಿಯಿತು. ಅಲ್ಲಿನ ಕೋಕೋ ತೋಟಗಳಿಗೆ ದುಡಿದವರಲ್ಲಿ ಬುರ್ಕಿನಾ ಫಾಸೊ ಕಡೆಯಿಂದ ಬಂದವರು ಲಕ್ಷಗಟ್ಟಲೆ. 1990ರ ದಶಕದಲ್ಲಿ ಬೆಲೆ ಕುಸಿದು ರಾಜಕೀಯ ಬಿಸಿಯಾದಾಗ ‘ಅಸಲಿ ಐವರಿಯನ್ನರು ಯಾರು’ ಎಂಬ ಪ್ರಶ್ನೆ ಎದ್ದಿತು. ಅಲಸಾನ್ ಒಟ್ಟಾರ ಎಂಬ ನಾಯಕರನ್ನು ಹೆತ್ತವರ ಮೂಲದ ನೆಪ ಹೇಳಿ 2000ದ ಅಧ್ಯಕ್ಷ ಚುನಾವಣೆಯಿಂದ ಹೊರಗಿಟ್ಟರು. 2002ರಲ್ಲಿ ಅಂತರ್ಯುದ್ಧವೇ ಹೊತ್ತಿತು. ಮುಂದೆ ಅವರೇ ಅಧ್ಯಕ್ಷರಾದರು, ಆದರೆ ಸತ್ತವರು ಸತ್ತೇ ಹೋಗಿದ್ದರು.

ನಮ್ಮಲ್ಲಿ ಅಷ್ಟು ದೂರ ಹೋಗಿಲ್ಲ, ನಿಜ. ಆದರೆ ದಾವಣಗೆರೆಯಲ್ಲಿ ಬಾಡಿಗೆ ಮನೆ ಕೇಳಿಕೊಂಡು ಹೋಗಿ ನೋಡಿ. ‘ಯಾವೂರ್ರೀ ನಿಮ್ದು?’ ಎಂಬುದು ಸೌಜನ್ಯದ ಮಾತು, ನೀರು ಕೊಟ್ಟೇ ಕೇಳುತ್ತಾರೆ. ಅದರ ಹಿಂದೆಯೇ ಬರುವುದು ‘ಯಾವ ಪೈಕಿ?’. ಉತ್ತರ ಒಗ್ಗದಿದ್ದರೆ, ಅರೆಗಳಿಗೆ ಮುಂಚೆ ಖಾಲಿಯಿದ್ದ ಮನೆಗೆ ಮಗಳು ಅಳಿಯ ಬರುವುದು ಗೊತ್ತಾಗುತ್ತದೆ. ಕೇಳಿದವರು ಕೆಟ್ಟವರೆಂದು ನನಗನ್ನಿಸುವುದಿಲ್ಲ. ಹಬ್ಬಕ್ಕೆ ಹೋಳಿಗೆ ಹಂಚುವವರೂ ಅವರೇ. ಅದಕ್ಕೇ ಈ ಚಾಳಿ ಹೆಚ್ಚು ಕಾಡುತ್ತದೆ.

ಮೂಲ ಹೇಳಲು ಹೆಳವರೇ ಇಲ್ಲದವರ ಪಾಡು ಇನ್ನೊಂದು. ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಹಿರಿಯರನ್ನು ಆಫ್ರಿಕಾದಿಂದ, ಹೆಚ್ಚಾಗಿ ಅದರ ಪೂರ್ವ ಭಾಗದಿಂದ, ಗುಲಾಮರಾಗಿ ಹಡಗಿನಲ್ಲಿ ತಂದರು. ತರುವವರು ಲೆಕ್ಕ ಇಟ್ಟರು, ವಂಶಾವಳಿ ಇಡಲಿಲ್ಲ. ಗೋವಾದ ಒಡೆಯರಿಂದ ತಪ್ಪಿಸಿಕೊಂಡು ಕಾಡು ಸೇರಿದವರಿಗೆ ಹಿತ್ತಲು ಕೊಟ್ಟ ಗೌಡನೂ ಇರಲಿಲ್ಲ. ಇಂದು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕನ್ನಡವನ್ನು, ಕೊಂಕಣಿಯನ್ನು ಮನೆಮಾತಿನಂತೆ ಆಡುತ್ತಾರೆ. ಆದರೂ ಬಸ್ಸಿನಲ್ಲಿ ಪಕ್ಕದವರು ‘ಯಾವ ದೇಶ?’ ಎಂದು ಕೇಳುವುದು ಅವರನ್ನೇ. ಮೂಲವನ್ನು ಕಿತ್ತುಕೊಂಡವರ ಹತ್ತಿರವೇ ಮೂಲದ ಪುರಾವೆ ಕೇಳುವುದು ನನ್ನ ಮಟ್ಟಿಗೆ ಕೇವಲ ಅಜ್ಞಾನವಲ್ಲ, ಅನ್ಯಾಯ.

ಇತ್ತ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಮೂಲದ ಕಥೆ ತಿರುವುಮುರುವಾಗಿದೆ. ಬಂಜಾರರು ತಮ್ಮ ಹಾಡುಗಳಲ್ಲಿ ರಾಜಸ್ಥಾನದ ಕಡೆ ಬೆರಳು ತೋರುತ್ತಾರೆ. ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ದಖ್ಖನ್ ಪೂರ್ತಿ ಸುತ್ತಿದ ಜನ. ಆದರೆ ಅವರ ಸಂತ ಸೇವಾಲಾಲರು ಹುಟ್ಟಿದ ನೆಲವೆಂದು ನಂಬಿರುವುದು ಈ ಕೊಪ್ಪವನ್ನು. ಪ್ರತಿ ಫೆಬ್ರುವರಿಯಲ್ಲಿ ಮಾಲೆ ಧರಿಸಿದವರು ಇಲ್ಲಿಗೆ ನಡೆದು ಬರುತ್ತಾರೆ. ಮಹಾರಾಷ್ಟ್ರ, ತೆಲಂಗಾಣದ ತಾಂಡಾಗಳವರಿಗೂ ಪುಣ್ಯಭೂಮಿ ಇದೇ. ಬಂದು ಸೇರಿದ ಜಾಗವೇ ಮೂಲವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹರಿಹರ ತಾಲ್ಲೂಕು ಈಗ ಪೀಠಗಳ ತಾಲ್ಲೂಕು. ರಾಜನಹಳ್ಳಿಯಲ್ಲಿ ವಾಲ್ಮೀಕಿ ಗುರುಪೀಠ, ಬೆಳ್ಳೂಡಿಯಲ್ಲಿ ಕನಕ ಗುರುಪೀಠದ ಶಾಖಾಮಠ, ಹರಿಹರಕ್ಕೆ ಅಂಟಿಕೊಂಡು ಪಂಚಮಸಾಲಿ ಪೀಠ. ಬಹುಕಾಲ ಮಾತಿಲ್ಲದೆ ಇದ್ದ ಜನ ತಮ್ಮ ಚರಿತ್ರೆಯನ್ನು ತಾವೇ ಬರೆಯ ಹೊರಟರೆ ಅದು ಒಳ್ಳೆಯದೇ. ಆದರೆ ಹಾಗೆ ಬರೆಯುವವರು ಒಮ್ಮೆ ಹರಿಹರೇಶ್ವರ ಗುಡಿಯ ಅಂಗಳಕ್ಕೆ ಹೋಗಿ ಬರಲಿ. ಹೊಯ್ಸಳ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ ಅದು. ಅಲ್ಲಿ ನಿಂತಿರುವ ಆಳೆತ್ತರದ ಕಲ್ಲುಗಳಲ್ಲಿ ಹೆಚ್ಚಿನವು ದಾನಶಾಸನಗಳು: ಕೊಟ್ಟವರು ಯಾರು, ಪಡೆದವರು ಯಾರು, ಭೂಮಿ ಎಷ್ಟು, ಎಲ್ಲೆ ಎಲ್ಲಿಂದ ಎಲ್ಲಿಗೆ. ಸಮುದಾಯಗಳ ಚರಿತ್ರೆಯಲ್ಲೂ ಈ ವಿವರಕ್ಕೆ ಒಂದು ಅಧ್ಯಾಯ ಮೀಸಲಿಡಬಹುದು. ನಮ್ಮವರು ಇಲ್ಲಿಗೆ ಬಂದ ವರ್ಷ ಯಾರ ಬಾವಿಯಿಂದ ನೀರು ಸೇದಿದರು, ಮೊದಲ ಬಿತ್ತನೆಗೆ ಬೀಜ ಸಾಲ ಕೊಟ್ಟವರು ಯಾವ ಕೇರಿಯವರು, ಬಾವಿಗೆ ಇಳಿಯಲು ಬಿಡದವರು ಯಾರು. ಕೊಟ್ಟವರು, ತಡೆದವರು ಇಬ್ಬರನ್ನೂ ಮುಚ್ಚುಮರೆಯಿಲ್ಲದೆ ಬರೆದ ಒಂದು ಜಾತಿಯ ಚರಿತ್ರೆ ಹೊರಬಂದರೆ, ಎಷ್ಟೇ ದಪ್ಪವಿರಲಿ, ಕೊಂಡು ಓದುತ್ತೇನೆ.